ನಿಮಗಿದು ಗೊತ್ತೇ? ಕಡಲಿಂದ ಬಂದ ದೋಣಿಗೆ ಸಿಹಿನೀರಿನ ಸ್ನಾನ!

ಕಡಲಿನಿಂದ ಮೇಲೆ ಬಂದ ದೋಣಿ ಒಣಗುವುದೇ ಇಲ್ಲ! ನಂಬುತ್ತೀರಾ? ಕಣ್ಣಿಗೇನೋ ಒಣಗಿದಂತೆ ಕಾಣುತ್ತದೆ. ಕೈಯಾಡಿಸಿದರೆ ಬಿಳಿ ಪುಡಿ ಹತ್ತುತ್ತದೆ. ಆದರೆ ರಾತ್ರಿಯಾಗಲಿ, ಆ ಪುಡಿ ಗಾಳಿಯ ತೇವ ಹೀರಿಕೊಂಡು ಮತ್ತೆ ನೀರಾಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಒದ್ದೆಯಾಗುವುದಿಲ್ಲವೇ, ಅದೇ ಕತೆ!

ಇದಕ್ಕೊಂದು ಲೆಕ್ಕವೂ ಇದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿಯೇ ಕರಗತೊಡಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದಕ್ಕೆ ಶೇ. 33 ತೇವಾಂಶವೇ ಸಾಕು! ಅಂದರೆ ಸುಡುಬಿಸಿಲಿನ ಮಧ್ಯಾಹ್ನವೂ ತೊಳೆಯದ ದೋಣಿಯ ಮೈಮೇಲೆ ಉಪ್ಪುನೀರಿನ ತೆಳು ಪೊರೆ ಇದ್ದೀತು. ತುಕ್ಕಿಗೆ ಬೇಕಾದ್ದೂ ಅಷ್ಟೇ!

ಒಂದು ಲೀಟರ್ ಕಡಲ ನೀರು ಆವಿಯಾದರೆ ಸುಮಾರು 35 ಗ್ರಾಂ ಉಪ್ಪು ಉಳಿಯುತ್ತದೆ. ದೋಣಿಯ ತಳದಲ್ಲಿ ಹತ್ತು ಲೀಟರ್ ನೀರು ನಿಂತು ಹಾಗೇ ಒಣಗಿತು ಅನ್ನಿ. ಬರೋಬ್ಬರಿ 350 ಗ್ರಾಂ ಉಪ್ಪು ಅಲ್ಲೇ ಬೀಡುಬಿಟ್ಟಿತು!

ಇನ್ನೂ ದೊಡ್ಡ ಲೆಕ್ಕ ಬೇಕೇ? ಎಲ್ಲ ಸಾಗರಗಳ ಉಪ್ಪನ್ನು ತೆಗೆದು ಭೂಮಿಯ ನೆಲದ ಮೇಲೆಲ್ಲ ಹರಡಿದರೆ ಪದರದ ದಪ್ಪ 150 ಮೀಟರ್ ದಾಟುತ್ತದೆ! ಅಮೆರಿಕದ ಭೂವಿಜ್ಞಾನ ಇಲಾಖೆ ಕೊಡುವ ಅಂದಾಜು ಇದು. ವಿಧಾನಸೌಧವಿರಲಿ, ಅದರ ಮೂರು ಪಟ್ಟು ಎತ್ತರದ ಕಟ್ಟಡವೂ ಹೂತುಹೋದೀತು!

ಕಬ್ಬಿಣ ಎಲ್ಲಿ ಬೇಗ ತುಕ್ಕು ಹಿಡಿಯುತ್ತದೆ? ಕಡಲಲ್ಲಿ ಪೂರ್ತಿ ಮುಳುಗಿದರೆ ಎನ್ನುತ್ತೀರಾ? ಅಲ್ಲ! ಅಲೆಯ ಹನಿ ಸಿಡಿದು ಒದ್ದೆಯಾಗುತ್ತಾ, ಒಣಗುತ್ತಾ ಇರುವ ಜಾಗದಲ್ಲಿ ತುಕ್ಕು ಹಲವು ಪಟ್ಟು ಜೋರು. ಅಲ್ಲಿ ಉಪ್ಪೂ ಇದೆ, ನೀರೂ ಇದೆ, ಬೇಕಾದಷ್ಟು ಆಮ್ಲಜನಕವೂ ಇದೆ. ದೋಣಿಯನ್ನು ದಡಕ್ಕೆಳೆದ ಮೇಲೆಯೇ ಅದರ ಕಷ್ಟ ಶುರುವಾಗುವುದು!

ಉಪ್ಪು ತೊಳೆಯಲು ಬಿಸಿನೀರು ಬೇಕೇ? ಬೇಡವೇ ಬೇಡ! ಸಕ್ಕರೆ ಬಿಸಿನೀರಿನಲ್ಲಿ ಎಷ್ಟೋ ಹೆಚ್ಚು ಕರಗುತ್ತದೆ, ನಿಜ. ಉಪ್ಪಿನ ಸ್ವಭಾವ ಬೇರೆ. ಒಂದು ಲೀಟರ್ ತಣ್ಣೀರಿನಲ್ಲಿ ಸುಮಾರು 360 ಗ್ರಾಂ ಕರಗುತ್ತದೆ. ಕುದಿಯುವ ನೀರಿನಲ್ಲಿ? ಸುಮಾರು 390 ಗ್ರಾಂ, ಅಷ್ಟೇ! ನಲ್ಲಿಯ ತಣ್ಣೀರು ಧಾರಾಳವಾಗಿ ಸಾಕು.

ಆದರೆ ಕಡಲ ನೀರಿನಲ್ಲಿ ಸುಣ್ಣದಂಥ ಲವಣಗಳೂ ಇವೆ. ಅವುಗಳದು ಪೂರಾ ಉಲ್ಟಾ! ನೀರು ಬಿಸಿಯಾದಷ್ಟೂ ಅವು ಕರಗುವುದು ಕಡಿಮೆ, ಗಟ್ಟಿಯಾಗಿ ಅಂಟಿಕೊಳ್ಳುವುದು ಹೆಚ್ಚು. ಹಾಗಾಗಿ ಬಿಸಿ ಎಂಜಿನ್ನಿನ ಒಳಗೋಡೆಗಳಲ್ಲೇ ಬಿಳಿ ಕಿಟ್ಟ ಕಟ್ಟುತ್ತದೆ. ಒಮ್ಮೆ ಕಟ್ಟಿತೋ, ಬರೀ ನೀರಿಗೆ ಅದು ಜಗ್ಗುವುದಿಲ್ಲ. ಸುಣ್ಣವನ್ನು ಕರಗಿಸಲು ವಿನೆಗರ್‌ನಂಥ ಹುಳಿಯೇ ಬೇಕು!

ಅಯ್ಯೋ, ಎಂಜಿನ್ನಿನ ಒಳಗೆ ಕಡಲ ನೀರು ಹೇಗೆ ಹೋಯಿತು ಎಂದಿರಾ? ಅದೇ ಸೋಜಿಗ! ದೋಣಿಯ ಹಿಂಬದಿಗೆ ತಗಲಿಸುವ ಔಟ್‌ಬೋರ್ಡ್ ಮೋಟರ್‌ಗೆ ಕಾರಿನಂತೆ ರೇಡಿಯೇಟರ್ ಇರುವುದಿಲ್ಲ. ತಣ್ಣಗಿರಲು ಅದು ಕಡಲನ್ನೇ ಕುಡಿಯುತ್ತದೆ! ಕೆಳಗಿನ ಕಿಂಡಿಗಳಿಂದ ನೀರೆಳೆದು, ಎಂಜಿನ್ನಿನ ಸುತ್ತ ಹರಿಸಿ, ಬಿಸಿಯಾದ ನೀರನ್ನು ಮತ್ತೆ ಹೊರಗೆ ಬಿಡುತ್ತದೆ. ದೋಣಿ ಓಡುವಷ್ಟು ಹೊತ್ತೂ ಇದೇ ಕೆಲಸ.

ಇಷ್ಟೆಲ್ಲ ನೀರು ಎತ್ತುವುದು ಯಾರು ಗೊತ್ತೇ? ಅಂಗೈಯಲ್ಲಿ ಹಿಡಿಯಬಹುದಾದ ಒಂದು ರಬ್ಬರ್ ಚಕ್ರ! ಅದರ ಹೆಸರು ಇಂಪೆಲ್ಲರ್. ಅದರ ಬಾಗುವ ರೆಕ್ಕೆಗಳನ್ನು ನುಣುಪಾಗಿಡುವುದೂ ತಂಪಾಗಿಡುವುದೂ ಅದೇ ನೀರು. ನೀರಿಲ್ಲದೆ ಮೋಟರ್ ಓಡಿಸಿದಿರೋ, ರಬ್ಬರ್ ಉಜ್ಜಿ ಬಿಸಿಯಾಗಿ ಕೆಡಲು ಹೆಚ್ಚು ಹೊತ್ತು ಬೇಡ. ಅದಕ್ಕೇ ನೆಲದ ಮೇಲೆ ಒಣ ಮೋಟರನ್ನು 'ಸುಮ್ಮನೆ ಒಂದ್ಸಲ' ಚಾಲೂ ಮಾಡಲೇಬಾರದು!

ಓಡುತ್ತಿರುವ ಮೋಟರ್‌ನ ಬದಿಯಿಂದ ಸಣ್ಣ ನೀರಿನ ಚಿಲುಮೆಯೊಂದು ಚಿಮ್ಮುವುದನ್ನು ನೋಡಿದ್ದೀರಾ? ಸೋರಿಕೆ ಎಂದು ಹೆದರಬೇಡಿ. ನೀರು ಸರಿಯಾಗಿ ಮೇಲೇರುತ್ತಿದೆ ಎಂಬ ಗುರುತು ಅದು. ಚಿಲುಮೆ ನಿಂತರೆ ಗಾಬರಿಯಾಗಬೇಕು! ಉಪ್ಪು, ಮರಳು ಸಿಕ್ಕಿ ಆ ತೂತು ಮುಚ್ಚಿಹೋಗುವುದುಂಟು. ತಿಂಗಳುಗಟ್ಟಲೆ ನಿಲ್ಲಿಸಿದ ಮೋಟರ್‌ನಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿ ಮುಚ್ಚುವುದೂ ಉಂಟು! ಬಿಡಿಸಲು ಬೇಕಾದ ಸಾಮಾನು ಏನು? ಗಾಳಕ್ಕೆ ಕಟ್ಟುವ ದಪ್ಪ ನೈಲಾನ್ ದಾರದ ಒಂದು ತುಂಡು!

ಈ ಮೋಟರನ್ನು ಮನೆಮಾತಾಗಿಸಿದ ಕತೆಯಲ್ಲಿ ಐಸ್‌ಕ್ರೀಮ್ ಇದೆ! ನಾರ್ವೆಯಲ್ಲಿ ಹುಟ್ಟಿ ಅಮೆರಿಕ ಸೇರಿದ ಓಲೆ ಎವಿನ್‌ರೂಡ್ ಎಂಬಾತ. ವಿಸ್ಕಾನ್ಸಿನ್‌ನ ಒಕಾಚಿ ಸರೋವರದ ದಂಡೆಯಲ್ಲಿ ಗೆಳತಿ ಬೆಸ್‌ಗೆ ಐಸ್‌ಕ್ರೀಮ್ ತಿನ್ನುವ ಆಸೆಯಾಯಿತಂತೆ. ಈತ ಹುಟ್ಟು ಹಾಕುತ್ತಾ ಆಚೆ ದಡಕ್ಕೆ ಹೋಗಿ ತಂದ. ಬಿಸಿಲಿಗೆ ದಾರಿಯಲ್ಲೇ ಅದು ಕರಗಿ ನೀರಾಯಿತು! ಆ ಹಟದಿಂದಲೇ ಮೋಟರ್ ಹುಟ್ಟಿತು ಎಂದು ಹೇಳುತ್ತಾರೆ. 1909ರಲ್ಲಿ ಮಾರಾಟಕ್ಕೆ ಬಂದ ಆ ಮೋಟರ್‌ನ ಶಕ್ತಿ ಒಂದೂವರೆ ಅಶ್ವಶಕ್ತಿ, ತೂಕ 62 ಪೌಂಡ್, ಬೆಲೆಯೂ 62 ಡಾಲರ್! ಬೆಸ್ ಆತನ ಹೆಂಡತಿಯಾದದ್ದಷ್ಟೇ ಅಲ್ಲ, ವ್ಯವಹಾರವನ್ನೆಲ್ಲ ನಿಭಾಯಿಸಿದಾಕೆಯೂ ಆಕೆಯೇ. ಅಂದಹಾಗೆ ಸರೋವರದ್ದು ಸಿಹಿನೀರು. ತೊಳೆಯುವ ತಲೆನೋವೇ ಅಲ್ಲಿರಲಿಲ್ಲ!

ಈಗಿನ ಹಲವು ಮೋಟರ್‌ಗಳಿಗೆ ತೊಳೆಯಲೆಂದೇ ಒಂದು ಬಾಯಿ ಇರುತ್ತದೆ. ತೋಟದ ಪೈಪನ್ನು ಅಲ್ಲಿಗೆ ಸಿಕ್ಕಿಸಿ ನಲ್ಲಿ ತಿರುಗಿಸಿದರಾಯಿತು. ಹತ್ತು ಹದಿನೈದು ನಿಮಿಷ ನೀರು ಹರಿಯಬೇಕು. ಎಷ್ಟೋ ಮೋಟರ್‌ಗಳಲ್ಲಿ ಆಗ ಎಂಜಿನ್ ಆಫ್ ಆಗಿರಲೇಬೇಕು!

ಇನ್ನೊಂದು ವಿಧಾನದ್ದು ಇದಕ್ಕೆ ವಿರುದ್ಧ! ಕೆಳಗಿನ ನೀರಿನ ಕಿಂಡಿಗಳಿಗೆ ಎರಡೂ ಕಡೆಯಿಂದ ರಬ್ಬರ್ ಬಟ್ಟಲುಗಳನ್ನು ಒತ್ತಿ ಕೂರಿಸುತ್ತಾರೆ. ಪೈಪಿನ ನೀರು ಅದರೊಳಗೆ ಬರುತ್ತದೆ. ಇಲ್ಲಿ ಎಂಜಿನ್ ಓಡಲೇಬೇಕು, ಇಲ್ಲದಿದ್ದರೆ ನೀರು ಮೇಲೇರುವುದೇ ಇಲ್ಲ. ಅದೂ ಸ್ವಲ್ಪ ಬಿಸಿಯಾಗುವವರೆಗೆ ಓಡಬೇಕು! ಯಾಕೆಂದರೆ ಒಳಗೆ ಥರ್ಮೋಸ್ಟಾಟ್ ಎಂಬ ಕವಾಟವಿದೆ. ಅದು ಬಿಸಿ ತಗಲಿದ ಮೇಲೆಯೇ ಪೂರ್ತಿ ಬಾಗಿಲು ತೆರೆಯುತ್ತದೆ. ನೆನಪಿಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ, ಪ್ರೊಪೆಲ್ಲರ್ ಹತ್ತಿರ ಯಾರೂ ಸುಳಿಯದಿರಲಿ.

ಮನೆಯಂಗಳದಲ್ಲಾದರೆ ಇದೆಲ್ಲ ಸಲೀಸು. ಪರ ಊರಿನಲ್ಲಿ? ಮಜಾ ಇರುವುದೇ ಇಲ್ಲಿ! ಅಮೆರಿಕದ ಫ್ಲಾರಿಡಾ ಒಂದೇ ರಾಜ್ಯದಲ್ಲಿ ನೋಂದಣಿಯಾದ ದೋಣಿಗಳು ಹತ್ತು ಲಕ್ಷಕ್ಕೂ ಹೆಚ್ಚು! ಅವುಗಳಲ್ಲಿ ಎಷ್ಟೋ ದೋಣಿಗಳು ಕಾರಿನ ಹಿಂದೆ ಟ್ರೇಲರ್ ಏರಿ ನೂರಾರು ಕಿಲೋಮೀಟರ್ ಪ್ರಯಾಣ ಮಾಡುತ್ತವೆ. ಹಗಲೆಲ್ಲ ಕಡಲಲ್ಲಿ ಮೀನು ಹಿಡಿಯುವುದು, ರಾತ್ರಿ ಯಾವುದೋ ಮೋಟೆಲ್‌ನಲ್ಲಿ ತಂಗುವುದು. ದೋಣಿ ತೊಳೆಯಲು ನೀರೆಲ್ಲಿ? ಆ ಜನ ಕಂಡುಕೊಂಡ ಉಪಾಯಗಳು ಒಂದಕ್ಕಿಂತ ಒಂದು ಸೊಗಸು!

ಅಮೆರಿಕದ ಎಷ್ಟೋ ಕಟ್ಟಡಗಳ ಹೊರಗೋಡೆಯ ನಲ್ಲಿಗೆ ತಿರುಪುವ ಹಿಡಿಯೇ ಇರುವುದಿಲ್ಲ! ದಾರಿಹೋಕರು ನೀರು ಬಿಡಬಾರದೆಂದು ಹೀಗೆ. ಚೌಕಾಕಾರದ ಕಡ್ಡಿಯೊಂದೇ ಕಾಣುತ್ತದೆ. ಅದಕ್ಕೆಂದೇ ಕೂಡುಗುರುತಿನ ಆಕಾರದ ಒಂದು ಕೀಲಿ ಸಿಗುತ್ತದೆ. ನಾಲ್ಕು ತುದಿ, ನಾಲ್ಕು ಅಳತೆ! ದೋಣಿಯವರ ಪೆಟ್ಟಿಗೆಯಲ್ಲಿ ಇದು ಇರುವುದುಂಟು. ಆದರೆ ಕೀಲಿ ಇದೆಯೆಂದು ಕೇಳದೆ ನೀರು ತಿರುಗಿಸುವುದು ಸಲ್ಲದು. ಮೋಟೆಲ್‌ನ ಕೌಂಟರ್‌ನಲ್ಲಿ ಒಂದು ಮಾತು ಕೇಳಿದರೆ ಎಷ್ಟೋ ಕಡೆ ಅವರೇ ಪೈಪು ಕೊಡುತ್ತಾರೆ!

ನಲ್ಲಿಯೇ ಇಲ್ಲವೇ? ಡ್ರಮ್ ಇದೆಯಲ್ಲ! ದೊಡ್ಡ ಪ್ಲಾಸ್ಟಿಕ್ ಕಸದ ಡಬ್ಬಿಗೆ ಸಿಹಿನೀರು ತುಂಬಿ, ಸಣ್ಣ ಮೋಟರ್‌ನ ಕೆಳಭಾಗವನ್ನು ಅದರೊಳಗೆ ಇಳಿಸಿ ಓಡಿಸುತ್ತಾರೆ. ಕಿಂಡಿಗಳು ನೀರಿನಡಿ ಮುಳುಗಿರಬೇಕು. ಮೋಟರ್ ಡಬ್ಬಿಯ ನೀರನ್ನೇ ಕುಡಿದು ಅಲ್ಲಿಗೇ ಉಗುಳುತ್ತದೆ. ಈಗ ಹೇಳಿ, ಐದು ನಿಮಿಷದ ನಂತರ ಡಬ್ಬಿಯಲ್ಲಿರುವುದು ಎಂಥ ನೀರು? ಉಪ್ಪುನೀರು! ಅದನ್ನು ಚೆಲ್ಲಿ ಹೊಸ ನೀರು ತುಂಬದಿದ್ದರೆ, ತೊಳೆದ ಉಪ್ಪನ್ನೇ ಮತ್ತೆ ಕುಡಿಸಿದಂತೆ!

ನಾಣ್ಯ ಹಾಕಿದರೆ ನೀರು ಬರುವ ಕಾರು ತೊಳೆಯುವ ಅಂಗಡಿಗಳು ಅಲ್ಲಿ ಊರೂರಿಗೂ ಇವೆ. ದೋಣಿಯನ್ನು ಟ್ರೇಲರ್ ಸಮೇತ ಒಳಗೆ ಎಳೆದರೆ ಆಯಿತು. ಆದರೆ ಜೋರು ಧಾರೆಯೇ ಇಲ್ಲಿ ಶತ್ರು! ಪಿಚಕಾರಿಯಂತೆ ನುಗ್ಗುವ ನೀರು ಉಪ್ಪನ್ನು ಹೊರಗೆ ತಳ್ಳುವ ಬದಲು ಸೀಲ್‌, ಬೇರಿಂಗ್‌, ವೈರ್‌ಗಳ ಸಂದಿಯೊಳಕ್ಕೇ ತಳ್ಳಬಲ್ಲದು. ಗಾಳದ ರೀಲ್‌ಗಳಿಗಂತೂ ಮೆಲ್ಲನೆಯ ತುಂತುರೇ ಮದ್ದು.

ಗಿಡಗಳಿಗೆ ಔಷಧಿ ಹೊಡೆಯುವ ಕೈಪಂಪು ನೋಡಿದ್ದೀರಲ್ಲ? ಹೊಸದೊಂದನ್ನು ಕೊಂಡು ಸಿಹಿನೀರು ತುಂಬಿಟ್ಟುಕೊಂಡರೆ ಅದೂ ದೋಣಿಯವರ ಆಪ್ತಮಿತ್ರ! ಎಂಟು ಲೀಟರ್ ನೀರಿನಲ್ಲಿ ರೀಲ್, ಹಿಡಿಕೆ, ಕೊಂಡಿ, ವೈರಿನ ತುದಿಗಳೆಲ್ಲ ತೊಳೆದಾಗುತ್ತದೆ. ಕಡಲಿನಿಂದ ಬಂದ ಕೂಡಲೇ, ಉಪ್ಪು ಹರಳುಗಟ್ಟುವ ಮೊದಲೇ ಹೊಡೆಯಬೇಕು. ಹಸಿ ಇರುವಾಗ ಅದು ಎಷ್ಟು ಸುಲಭವಾಗಿ ಹೋಗುತ್ತದೆಂದರೆ, ಒಂದು ಬಾರಿ ಮಾಡಿ ನೋಡಿದವರು ಬಿಡುವುದಿಲ್ಲ!

ಇನ್ನೂ ಸುಲಭದ ಉಪಾಯ? ದೋಣಿಯನ್ನೇ ಸಿಹಿನೀರಿಗೆ ಓಡಿಸಿಬಿಡಿ! ದಕ್ಷಿಣ ಫ್ಲಾರಿಡಾದ ನಡುವೆ ಓಕಿಚೋಬಿ ಎಂಬ ಮಹಾ ಸರೋವರವಿದೆ. ಹರವು ಸುಮಾರು 1,900 ಚದರ ಕಿಲೋಮೀಟರ್. ಆಳ? ಸರಾಸರಿ ಮೂರು ಮೀಟರ್ ಕೂಡ ಇಲ್ಲ! ಅಟ್ಲಾಂಟಿಕ್ ಕಡೆಯಿಂದ ಮೆಕ್ಸಿಕೊ ಕೊಲ್ಲಿಯ ಕಡೆಗೆ ಈ ಸರೋವರದ ಮೂಲಕ ಸುಮಾರು 250 ಕಿಲೋಮೀಟರ್ ಉದ್ದದ ಜಲಮಾರ್ಗ. ಐದು ಕಡೆ ನೀರಿನ ಗೇಟುಗಳು ದೋಣಿಯನ್ನು ಎತ್ತಿ ಇಳಿಸುತ್ತವೆ. ಈ ಕಡಲಿನಿಂದ ಹೊರಟು ಆ ಕಡಲು ಸೇರುವಷ್ಟರಲ್ಲಿ ಮೋಟರ್‌ನ ಹೊಟ್ಟೆಯೆಲ್ಲ ತೊಳೆದು ಸ್ವಚ್ಛ, ಅದೂ ನಲ್ಲಿ ಮುಟ್ಟದೆ!

ದೋಣಿ ತೊಳೆದು ಪೈಪನ್ನು ಹಾಗೇ ನೀರಿಗೆ ಇಳಿಬಿಟ್ಟರೆ ಫ್ಲಾರಿಡಾದಲ್ಲಿ ಯಾರು ಬರುತ್ತಾರೆ ಹೇಳಿ? ಮ್ಯಾನಟಿ! ಅರ್ಧ ಟನ್‌ನಷ್ಟು ತೂಗುವ, ಹುಲ್ಲು ಮೇಯುವ, ಬಲು ಸಾಧು ಕಡಲಹಸು. ಉಪ್ಪುನೀರಿನಲ್ಲೂ ಇರಬಲ್ಲದಾದರೂ ಅದಕ್ಕೆ ಕುಡಿಯಲು ಸಿಹಿನೀರೇ ಇಷ್ಟ. ಪೈಪಿನ ತುದಿಗೆ ಬಾಯಿಟ್ಟು, ಮಲಗಿದಂತೆ ತೇಲುತ್ತಾ ಗುಟುಕು ಗುಟುಕಾಗಿ ಹೀರುತ್ತದೆ!

ನೋಡಲು ಎಷ್ಟು ಮುದ್ದು! ಆದರೆ ಹಾಗೆ ನೀರು ಕುಡಿಸುವುದು ಅಲ್ಲಿ ಕಾನೂನಿಗೆ ವಿರುದ್ಧ! ಪೈಪಿನ ಆಸೆಗೆ ಅದು ದೋಣಿಗಳ ನಡುವೆಯೇ ಠಿಕಾಣಿ ಹೂಡುತ್ತದೆ. ಆಮೇಲೆ ಪ್ರೊಪೆಲ್ಲರ್‌ಗೆ ಸಿಕ್ಕಿ ಗಾಯಗೊಳ್ಳುತ್ತದೆ. ಸಂಶೋಧಕರು ಒಂದೊಂದು ಮ್ಯಾನಟಿಯನ್ನೂ ಯಾವ ಗುರುತಿನಿಂದ ಪತ್ತೆಹಚ್ಚುತ್ತಾರೆ ಗೊತ್ತೇ? ಬೆನ್ನಿನ ಮೇಲಿನ ಪ್ರೊಪೆಲ್ಲರ್ ಗಾಯದ ಕಲೆಗಳಿಂದ! ಕೇಳಿದರೆ ಹೊಟ್ಟೆ ಚುರುಕ್ ಎನ್ನುತ್ತದೆ. ತೊಳೆದಾದ ಕೂಡಲೇ ನಲ್ಲಿ ಬಿಗಿದರೆ ಒಂದು ಜೀವ ಉಳಿದೀತು.

ಫ್ಲಾರಿಡಾದ ದಕ್ಷಿಣ ತುದಿಯಲ್ಲಿ ಕೀ ವೆಸ್ಟ್ ಎಂಬ ದ್ವೀಪವಿದೆ. ಅಲ್ಲಿ ದೋಣಿ ತೊಳೆಯುವ ನಲ್ಲಿನೀರು ಎಲ್ಲಿಂದ ಬರುತ್ತದೆ? ಸುಮಾರು 210 ಕಿಲೋಮೀಟರ್ ದೂರದ ಮುಖ್ಯಭೂಮಿಯಿಂದ, ಪೈಪಿನಲ್ಲಿ! ದ್ವೀಪದಿಂದ ದ್ವೀಪಕ್ಕೆ ಹಾಯ್ದು ಬರುವ ಆ ಪೈಪನ್ನು ಅಮೆರಿಕದ ನೌಕಾಪಡೆ 1942ರಲ್ಲಿ ಪೂರ್ತಿಗೊಳಿಸಿತು. ಅದಕ್ಕೆ ಮೊದಲು ಅಲ್ಲಿಯ ಜನ ಮಾಡಿನ ಮಳೆನೀರನ್ನು ತೊಟ್ಟಿಗಳಲ್ಲಿ ಕೂಡಿಡುತ್ತಿದ್ದರು. ದೋಣಿಗೆ ಸುರಿಯುವ ಮಾತೆಲ್ಲಿ!

ಪಕ್ಕದ ಬಹಾಮಾಸ್‌ನ ಕತೆ ಇನ್ನೂ ವಿಚಿತ್ರ. ರಾಜಧಾನಿ ನಸ್ಸೌ ನಗರಕ್ಕೆ ಹಲವು ದಶಕ ಕಾಲ ಸಿಹಿನೀರು ಬರುತ್ತಿದ್ದದ್ದು ಹಡಗಿನಲ್ಲಿ! ಆಂಡ್ರೋಸ್ ದ್ವೀಪದ ನೀರನ್ನು ತುಂಬಿಕೊಂಡು ಕಡಲು ದಾಟಿಸಿ ತರುತ್ತಿದ್ದರು. ಈಗ ಕಡಲ ನೀರನ್ನೇ ಸಿಹಿ ಮಾಡುವ ಘಟಕಗಳಿವೆ. ಅಲ್ಲಿಯ ಬಂದರುಗಳಲ್ಲಿ ದೋಣಿ ತೊಳೆಯುವ ನೀರಿಗೆ ಗ್ಯಾಲನ್ ಲೆಕ್ಕದಲ್ಲಿ ದುಡ್ಡು ತೆರುವುದು ಮಾಮೂಲು. ಕಡಲಿನ ಉಪ್ಪು ತೊಳೆಯಲು ಕಡಲಿನದೇ ನೀರು, ಉಪ್ಪು ಕಳೆದು!

ದೋಣಿ, ಮೋಟರ್ ಎರಡನ್ನೂ ತೊಳೆದಾಯಿತು. ಮರೆತದ್ದೇನು? ಟ್ರೇಲರ್! ನೂರಾರು ಕಿಲೋಮೀಟರ್ ಓಡಿ ಬಂದ ಚಕ್ರದ ಗುಂಬ ಬಿಸಿಯಾಗಿರುತ್ತದೆ. ದೋಣಿ ಇಳಿಸಲು ಟ್ರೇಲರನ್ನು ಹಿಂದಕ್ಕೆ ನೀರಿಗಿಳಿಸಿದ ಕ್ಷಣ ಒಳಗಿನ ಗಾಳಿ ತಟ್ಟನೆ ತಣ್ಣಗಾಗಿ ಕುಗ್ಗುತ್ತದೆ. ಆಗ ಸೀಲ್ ಸಂದಿಯಿಂದ ಉಪ್ಪುನೀರನ್ನು ಗುಂಬವೇ ಒಳಗೆಳೆದುಕೊಳ್ಳುತ್ತದೆ! ಬೇರಿಂಗ್ ಕೆಡುವುದು ಹೀಗೆ, ನಡುರಸ್ತೆಯಲ್ಲಿ ಗೊತ್ತಾಗುವುದು ಆಮೇಲೆ. ಉಪಾಯ ಬಹಳ ಸರಳ. ಇಳಿಸುವ ಮೊದಲು ಹತ್ತಿಪ್ಪತ್ತು ನಿಮಿಷ ಆರಲು ಬಿಡಿ!

ಟ್ರೇಲರ್‌ನ ಹಳೆಯ ಕಾಲದ ಬಲ್ಬುಗಳದೂ ಇದೇ ಪಾಡು. ಉರಿದು ಬಿಸಿಯಾದ ಗಾಜು ತಣ್ಣೀರಿಗೆ ಬಿದ್ದರೆ ಟಪ್! ಅದಕ್ಕೇ ನೀರಿಗಿಳಿಸುವ ಮೊದಲು ವೈರಿನ ಪ್ಲಗ್ ಕಳಚುವುದು.

1800ರಲ್ಲಿ ಇಟಲಿಯ ವೋಲ್ಟಾ ಜಗತ್ತಿನ ಮೊದಲ ಬ್ಯಾಟರಿ ಮಾಡಿದ. ಸಾಮಗ್ರಿ ಏನು? ಎರಡು ಬಗೆಯ ಲೋಹದ ಬಿಲ್ಲೆಗಳು, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ! ಈಗ ದೋಣಿಯನ್ನು ನೋಡಿ. ಅಲ್ಯೂಮಿನಿಯಂ ಮೋಟರ್, ಸ್ಟೀಲ್ ಬೋಲ್ಟ್, ನಡುವೆ ಉಪ್ಪುನೀರು. ನಿಮಗೆ ಗೊತ್ತಿಲ್ಲದೆಯೇ ಅಲ್ಲೊಂದು ಬ್ಯಾಟರಿ ಕೆಲಸ ಮಾಡುತ್ತಿದೆ! ಕರೆಂಟು ಹರಿಯುತ್ತಾ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ.

ಅದನ್ನು ತಡೆಯಲು ಮೋಟರ್‌ಗೆ ಸತುವಿನ ತುಂಡೊಂದನ್ನು ಬಿಗಿದಿರುತ್ತಾರೆ. ಸವೆಯುವ ಸರದಿ ಮೊದಲು ಅದರದು! ಉಳಿದ ಲೋಹಗಳು ಬಚಾವ್. ಆ ತುಂಡಿಗೆ ಚೆಂದ ಕಾಣಲೆಂದು ಬಣ್ಣ ಬಳಿದರೆ ಮುಗಿಯಿತು, ಕೆಲಸವನ್ನೇ ಮಾಡುವುದಿಲ್ಲ! ಸಿಹಿನೀರಿನಲ್ಲಿ ಓಡಾಡುವ ದೋಣಿಗೆ ಸತುವಿನ ಬದಲು ಮೆಗ್ನೀಸಿಯಂ ತುಂಡು ಹಾಕುತ್ತಾರೆ. ಆ ದೋಣಿ ರಜೆಗೆಂದು ಕಡಲಿಗೆ ಹೋಯಿತೋ, ಮೆಗ್ನೀಸಿಯಂ ನೋಡನೋಡುತ್ತಾ ಕರಗಿಹೋಗುತ್ತದೆ!

ಈ ಉಪಾಯಕ್ಕೆ ಇನ್ನೂರು ವರ್ಷ! 1824ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆ ಉಳಿಸಲು ಸತು, ಕಬ್ಬಿಣದ ತುಂಡುಗಳನ್ನು ಜೋಡಿಸಿದ. ತಾಮ್ರ ಉಳಿಯಿತು, ಪೂರ್ತಿ ಉಳಿಯಿತು. ಆದರೆ ಹಡಗಿನ ತಳದಲ್ಲಿ ಚಿಪ್ಪುಜೀವಿ, ಪಾಚಿ ಕಿಕ್ಕಿರಿದು ಬೆಳೆದವು! ತಾಮ್ರ ಸ್ವಲ್ಪ ಸ್ವಲ್ಪ ಕರಗುತ್ತಿದ್ದುದೇ ಅವುಗಳಿಗೆ ವಿಷವಾಗಿತ್ತು. ಕರಗುವುದು ನಿಂತಿತು, ಅವುಗಳಿಗೆ ಹಬ್ಬವಾಯಿತು. ಕೊನೆಗೆ ನೌಕಾಪಡೆ ಆ ಪ್ರಯೋಗವನ್ನೇ ಕೈಬಿಟ್ಟಿತು. ಡೇವಿಯ ಲೆಕ್ಕ ಸರಿಯಾಗಿತ್ತು, ಸೋತದ್ದು ಅದು ಅತಿ ಚೆನ್ನಾಗಿ ಫಲಿಸಿದ್ದಕ್ಕೆ!

ಪರ ಊರಿನಿಂದ ಬಂದ ದೋಣಿಯಲ್ಲಿ ಉಪ್ಪಿಗಿಂತ ಕೆಟ್ಟ ಅತಿಥಿ ಇರಬಹುದು. ಕ್ವಾಗಾ ಎಂಬ ಬೆರಳುಗುರಿನಷ್ಟು ಸಣ್ಣ ಚಿಪ್ಪುಜೀವಿಯ ಮೂಲ ಯುಕ್ರೇನ್ ಕಡೆಯ ನದಿಗಳು. ಅಮೆರಿಕದ ಮಹಾಸರೋವರಗಳಿಗೆ ಹೇಗೋ ಬಂತು. 2007ರ ಜನವರಿಯಲ್ಲಿ ನೋಡಿದರೆ ಮರುಭೂಮಿಯ ನಡುವಿನ ಮೀಡ್ ಸರೋವರದಲ್ಲಿ ಹಾಜರ್! ನಡುವೆ ಸಾವಿರಾರು ಕಿಲೋಮೀಟರ್ ಒಣನೆಲ. ಟ್ರೇಲರ್ ಮೇಲಿನ ದೋಣಿಯೇ ಅದಕ್ಕೆ ವಾಹನ! ಅದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ. ಮೋಟರ್‌ನೊಳಗೆ ನಿಂತ ಒಂದಿಷ್ಟು ನೀರೇ ಅವಕ್ಕೆ ಸಾಕು.

ಅದಕ್ಕೇ ಅಲ್ಲಿಯ ಹಲವು ಸರೋವರಗಳ ದಡದಲ್ಲಿ ದೋಣಿಗಳನ್ನು ತಡೆದು ತಪಾಸಣೆ ಮಾಡುತ್ತಾರೆ. ಉಪ್ಪಿಗೆ ತಣ್ಣೀರು ಸಾಕು ಎಂದೆನಲ್ಲ? ಇಲ್ಲಿ ಮಾತ್ರ ಸುಮಾರು 60 ಡಿಗ್ರಿಯ ಸುಡುನೀರು! ಮಿನೆಸೋಟ ರಾಜ್ಯದಲ್ಲಂತೂ ದೋಣಿಯ ತಳದ ಬಿರಡೆ ತೆಗೆದು, ನೀರೆಲ್ಲ ಬಸಿದ ಮೇಲೆಯೇ ರಸ್ತೆಗೆ ತರಬೇಕು. ಬಿರಡೆ ಹಾಕಿಕೊಂಡು ಹೋದರೆ ಕಾನೂನು ಮುರಿದಂತೆ!

ಕಡಲ ನೀರಿನಲ್ಲಿ ಸಾಮಾನ್ಯ ಸಾಬೂನು ನೊರೆ ಬರುವುದಿಲ್ಲ, ಗಮನಿಸಿದ್ದೀರಾ? ಆದರೆ ಒಂದು ಸಾಬೂನು ಅಲ್ಲೂ ನೊರೆ ಉಕ್ಕಿಸುತ್ತದೆ. ಯಾವುದು? ನಮ್ಮ ತೆಂಗಿನೆಣ್ಣೆಯದು! ಹಿಂದೆ ನಾವಿಕರ ಸಾಬೂನನ್ನು ಅದರಿಂದಲೇ ಮಾಡುತ್ತಿದ್ದರು.

ತೊಳೆಸಿಕೊಳ್ಳುವುದು ದೋಣಿ ಮಾತ್ರ ಎಂದುಕೊಂಡಿರಾ? ವಿಮಾನಗಳೂ ಸಾಲಿನಲ್ಲಿವೆ! ಕಡಲ ಮೇಲೆ ತಗ್ಗಿನಲ್ಲಿ ಹಾರಿ ಬಂದ ಯುದ್ಧವಿಮಾನಗಳಿಗೆಂದೇ ಜಪಾನಿನ ಕಡೇನಾದಂಥ ವಾಯುನೆಲೆಗಳಲ್ಲಿ ಸ್ನಾನದ ದಾರಿಯಿದೆ. ನೆಲದಿಂದ ಸಿಹಿನೀರಿನ ಕಾರಂಜಿಗಳು ಚಿಮ್ಮುತ್ತವೆ. ವಿಮಾನ ಅವುಗಳ ನಡುವೆ ಚಕ್ರದ ಮೇಲೆ ಉರುಳಿಕೊಂಡು ಹೋಗುತ್ತದೆ!

ವರ್ಷಗಟ್ಟಲೆ ನಡೆದ ದೋಣಿ ತೊಳೆತಗಳ ವಿಷಯ ಕೇಳಿ. ಅಮೆರಿಕದ ಮಾನಿಟರ್ ಎಂಬ ಕಬ್ಬಿಣದ ಕವಚದ ಯುದ್ಧನೌಕೆ 1862ರ ಕೊನೆಯ ದಿನ ಮುಳುಗಿತು. ಅದರ ಫಿರಂಗಿ ಗೋಪುರವನ್ನು 2002ರಲ್ಲಿ ಮೇಲೆತ್ತಿ ವರ್ಜೀನಿಯಾದ ವಸ್ತುಸಂಗ್ರಹಾಲಯದ ತೊಟ್ಟಿಯಲ್ಲಿ ನೆನೆಹಾಕಿದರು. ಇಪ್ಪತ್ತು ವರ್ಷ ದಾಟಿದರೂ ಉಪ್ಪು ಬಿಡುತ್ತಲೇ ಇತ್ತು! ಹನ್ಲಿ ಎಂಬ ಜಲಾಂತರ್ಗಾಮಿಯದೂ ಅದೇ. ವೈರಿ ಹಡಗನ್ನು ಮುಳುಗಿಸಿದ ಮೊದಲ ಜಲಾಂತರ್ಗಾಮಿ ಅದು, 1864ರಲ್ಲಿ. 2000ದಲ್ಲಿ ಮೇಲೆ ಬಂತು, ನೇರ ತೊಟ್ಟಿಗೆ ಹೋಯಿತು! ತೊಳೆಯದೆ ಒಣಗಿಸಿದ್ದರೆ? ಒಳಗೆ ಹರಳುಗಟ್ಟಿದ ಉಪ್ಪು ಕಬ್ಬಿಣವನ್ನು ಪದರ ಪದರವಾಗಿ ಸಿಡಿಸುತ್ತಿತ್ತು.

ಕಡಲಲ್ಲಿ ಉಪ್ಪು ಕಡಿಮೆಯಾದರೆ ಏನಾಗುತ್ತದೆ? ಸ್ವೀಡನ್ನಿನ ವಾಸಾ ಹಡಗನ್ನು ನೋಡಿ! 1628ರಲ್ಲಿ ಮೊದಲ ಪ್ರಯಾಣದಲ್ಲೇ ಬಂದರಿನೊಳಗೆ ಮುಳುಗಿತು. 333 ವರ್ಷದ ನಂತರ, 1961ರಲ್ಲಿ ಎತ್ತಿದರೆ ಮರ ಬಹುಪಾಲು ಹಾಗೇ ಇತ್ತು! ಬಾಲ್ಟಿಕ್ ಕಡಲಿನ ಆ ಭಾಗದಲ್ಲಿ ಉಪ್ಪು ಬಹಳ ಕಮ್ಮಿ. ಮರ ಕೊರೆಯುವ ಹಡಗುಹುಳ ಅಲ್ಲಿ ಬದುಕುವುದಿಲ್ಲ.

ಕೊಲಂಬಸ್‌ಗೆ ಆ ಅದೃಷ್ಟವಿರಲಿಲ್ಲ. 1503ರಲ್ಲಿ ಅದೇ ಹುಳದ ಕಾಟದಿಂದ ಜರಡಿಯಾಗಿದ್ದ ಅವನ ಕೊನೆಯ ಎರಡು ಹಡಗುಗಳನ್ನು ಜಮೈಕಾದ ದಡಕ್ಕೆ ಹತ್ತಿಸಬೇಕಾಯಿತು. ವರ್ಷವಿಡೀ ಅಲ್ಲೇ ಸೆರೆ! ಬಲ ಕುಂದಿಸಿದ್ದು ಬಿರುಗಾಳಿಯೊಂದೇ ಅಲ್ಲ, ಒಂದು ಹುಳ!

ಈಗ ನಮ್ಮ ಕರಾವಳಿಗೆ ಬನ್ನಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆದರೆ 10 ಅಶ್ವಶಕ್ತಿಯವರೆಗಿನ ಔಟ್‌ಬೋರ್ಡ್ ಕಟ್ಟಿಕೊಂಡ ನಾಡದೋಣಿಗಳಿಗೆ ಅವಕಾಶವಿದೆ. ಅವುಗಳಲ್ಲಿ ಎಷ್ಟೋ ಮೋಟರ್‌ಗಳು ಕುಡಿಯುವುದು ಸೀಮೆಎಣ್ಣೆ! ಚಾಲೂ ಆಗುವುದು ಪೆಟ್ರೋಲಿನಲ್ಲಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುವುದು.

ಮಳೆಗಾಲದ ಇನ್ನೊಂದು ಬೆರಗು ಅಳಿವೆಯಲ್ಲಿದೆ. ಬೇಸಿಗೆಯಲ್ಲಿ ನದಿಯೊಳಗೆ ಕಿಲೋಮೀಟರ್‌ಗಟ್ಟಲೆ ಉಪ್ಪು ಏರಿ ಬರುತ್ತದೆ. ಜೋರು ಮಳೆ ಹಿಡಿದರೆ ಅದೇ ಅಳಿವೆಯ ನೀರು ಸಿಹಿಯಾಗಿಬಿಡುತ್ತದೆ! ಗಂಗೊಳ್ಳಿಯಲ್ಲಂತೂ ಐದು ನದಿಗಳು ಒಟ್ಟಿಗೆ ಬಂದು ಕಡಲು ಸೇರುತ್ತವೆ. ಕಡಲಿನಿಂದ ಅಳಿವೆಯೊಳಗೆ ಬಂದ ನಾಡದೋಣಿಯ ಮೋಟರ್ ಕುಡಿಯುವುದು ಘಟ್ಟದಿಂದ ಇಳಿದ ಮಳೆನೀರು. ಪುಕ್ಕಟೆ ತೊಳೆತ, ಅದೂ ಐದೈದು ನದಿಗಳಿಂದ!

ದೋಣಿ ಇಲ್ಲದ ನಿಮಗೂ ಒಂದು ಮಾತು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅಲೆ ಜೋರಿದ್ದಾಗ ಸಿಡಿಯುವ ಹನಿ ನಿಮ್ಮ ಬೈಕಿನ ಚೈನಿಗೂ ಕಾರಿನ ಅಡಿಭಾಗಕ್ಕೂ ತಲುಪುತ್ತದೆ. ಮಲ್ಪೆಗೆ, ಗೋಕರ್ಣಕ್ಕೆ, ಕಾರವಾರಕ್ಕೆ ಹೋಗಿ ಬಂದ ಗಾಡಿಯ ಮೈಮೇಲೂ ಅದೇ ಉಪ್ಪು ಕೂತಿರುತ್ತದೆ. ಊರು ಮುಟ್ಟಿದ ಮೇಲೆ ನೋಡೋಣ ಎನ್ನಬೇಡಿ. ತಂಗಿದ ಕಡೆಯಲ್ಲೇ ಕೇಳಿ ಎರಡು ಬಕೆಟ್ ಸಿಹಿನೀರು ಪಡೆದು, ಅವತ್ತೇ ರಾತ್ರಿ ಚಕ್ರಕ್ಕೆ, ಚೈನಿಗೆ, ಅಡಿಭಾಗಕ್ಕೆ ಸುರಿದುಬಿಡಿ. ತಣ್ಣೀರೇ ಸಾಕು!